ಶೇಂದ್ರಾದ ಕಾರು, ಡ್ಯಾನ್ಯೂಬ್ ದಂಡೆಯ ಊರು



ಈ ಸಲ ಒಂದು ಚಿಕ್ಕ ಪ್ರಶ್ನೆಯಿಂದ ಶುರು ಮಾಡೋಣ. ನಾಲ್ಕು ಬಳೆಗಳನ್ನು ಒಂದರೊಳಗೊಂದು ಕೊಂಡಿ ಹಾಕಿದಂತಿರುವ ಗುರುತಿನ ಆಡಿ ಕಾರನ್ನು ನೀವು ನೋಡಿಯೇ ಇರುತ್ತೀರಿ. ಸಿಗ್ನಲ್‌ನಲ್ಲಿ ನಿಮ್ಮ ಬಸ್ಸಿನ ಪಕ್ಕಕ್ಕೆ ಬಂದು ಸದ್ದಿಲ್ಲದೆ ನಿಂತಿರುತ್ತದೆ. ಆ ಹೆಸರಿನ ಅರ್ಥವೇನು ಗೊತ್ತೇ? ಲ್ಯಾಟಿನ್ ಭಾಷೆಯಲ್ಲಿ 'ಕೇಳು' ಎಂದು! ಹೌದು, ರೇಡಿಯೋದವರಾದ ನಾವು ಇಡಬೇಕಾಗಿದ್ದ ಹೆಸರನ್ನು ಕಾರಿನವರು ನೂರು ವರ್ಷಕ್ಕೂ ಹಿಂದೆಯೇ ಇಟ್ಟುಕೊಂಡುಬಿಟ್ಟಿದ್ದಾರೆ.

ಅದರ ಕಥೆ ಹೀಗಿದೆ. ಜರ್ಮನಿಯಲ್ಲಿ ಔಗುಸ್ಟ್ ಹೋರ್ಚ್ ಎಂಬ ಎಂಜಿನಿಯರ್ ಇದ್ದರು. 1899ರಲ್ಲಿ ತಮ್ಮದೇ ಹೆಸರಿನ ಕಂಪನಿ ಶುರು ಮಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಜೊತೆಗಾರರೊಂದಿಗೆ ಜಗಳವಾಗಿ, 1909ರಲ್ಲಿ ಅದನ್ನು ಬಿಟ್ಟು ಹೊಸದೊಂದು ಕಂಪನಿ ತೆರೆದರು. ಹಳೆಯವರು ಕೋರ್ಟಿಗೆ ಹೋದರು. 'ಹೋರ್ಚ್' ಎಂಬ ಹೆಸರನ್ನು ಇನ್ನು ಬಳಸುವಂತಿಲ್ಲ ಎಂದು ತೀರ್ಪು ಬಂತು. ತನ್ನ ಹೆಸರು ತನಗೇ ಇಲ್ಲ! ಆಗ ಜೊತೆಗಾರರೊಬ್ಬರ ಮನೆಯಲ್ಲಿ, ಮೂಲೆಯಲ್ಲಿ ಕೂತು ಲ್ಯಾಟಿನ್ ಪಾಠ ಓದುತ್ತಿದ್ದ ಹುಡುಗನೊಬ್ಬ ಉಪಾಯ ಹೇಳಿದನಂತೆ. ಜರ್ಮನ್ ಭಾಷೆಯಲ್ಲಿ 'ಹೋರ್ಚ್' ಎಂದರೆ 'ಕಿವಿಗೊಟ್ಟು ಕೇಳು'. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿದರೆ 'ಆಡಿ'. ಜರ್ಮನ್ನರ ಬಾಯಲ್ಲಿ ಅದು 'ಔಡಿ'. 1910ರಿಂದ ಕಾರುಗಳು ಆ ಹೆಸರಿನಲ್ಲೇ ಹೊರಬಂದವು.

ಈ ಕಾರಿನ ಒಂದು ಮನೆ ನಮ್ಮ ಪಕ್ಕದ ಮಹಾರಾಷ್ಟ್ರದಲ್ಲೇ ಇದೆ. ಅದು ಶೇಂದ್ರಾ. ಔರಂಗಾಬಾದ್‌ನಿಂದ (2023ರಿಂದ ಅಧಿಕೃತ ಹೆಸರು ಛತ್ರಪತಿ ಸಂಭಾಜಿನಗರ) ಜಾಲ್ನಾ ರಸ್ತೆಯಲ್ಲಿ ಪೂರ್ವಕ್ಕೆ ಹೊರಟು ಚಿಕಲ್‌ಠಾಣಾ ವಿಮಾನ ನಿಲ್ದಾಣ ದಾಟಿ ಇನ್ನಷ್ಟು ದೂರ ಹೋದರೆ ಸಿಗುವ ಕೈಗಾರಿಕಾ ಪ್ರದೇಶ. ಕಾರಿನ ಇನ್ನೊಂದು ಮನೆ, ಅಂದರೆ ತವರು, ಜರ್ಮನಿಯ ಬವೇರಿಯಾ ರಾಜ್ಯದ ಇಂಗೋಲ್‌ಷ್ಟಾಟ್. ಶೇಂದ್ರಾದಲ್ಲಿ ಕೆಲಸ ಮಾಡುವ ಕನ್ನಡದ ಹುಡುಗರಿಗೆ ಈ ಹೆಸರು ನೀರು ಕುಡಿದಷ್ಟು ಸಲೀಸು. ಉಳಿದವರಿಗೆ ಅಪರಿಚಿತ. ಆದ್ದರಿಂದ ಈ ಬಾರಿ ಆ ಊರಿಗೆ ಒಂದು ಸುತ್ತು ಹೋಗಿ ಬರೋಣ, ಶೇಂದ್ರಾವನ್ನು ಜೊತೆಗೇ ಇಟ್ಟುಕೊಂಡು.

ಊರು ಎಲ್ಲಿದೆ?

ಮ್ಯೂನಿಕ್ ಮತ್ತು ನ್ಯೂರೆಂಬರ್ಗ್ ಎಂಬ ಎರಡು ದೊಡ್ಡ ನಗರಗಳ ನಡುವೆ, ಮ್ಯೂನಿಕ್‌ನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯಲ್ಲಿದೆ ಇಂಗೋಲ್‌ಷ್ಟಾಟ್. ಜನಸಂಖ್ಯೆ ಸುಮಾರು 1 ಲಕ್ಷ 40 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲಾ ಕೇಂದ್ರವಾದರೂ ಸಣ್ಣದು. ಜರ್ಮನಿಯಲ್ಲಿ ಲಕ್ಷ ದಾಟಿದರೆ 'ಮಹಾನಗರ' ಎನ್ನುತ್ತಾರೆ. ಇಂಗೋಲ್‌ಷ್ಟಾಟ್ ಆ ಲಕ್ಷವನ್ನು ಮುಟ್ಟಿದ್ದು 1989ರಲ್ಲಿ.

ಡ್ಯಾನ್ಯೂಬ್ ಜರ್ಮನಿಯ ಕಪ್ಪು ಕಾಡಿನಲ್ಲಿ ಹುಟ್ಟಿ, ಸುಮಾರು 2850 ಕಿ.ಮೀ. ಹರಿದು ಕಪ್ಪು ಸಮುದ್ರ ಸೇರುತ್ತದೆ. ನಮ್ಮ ಗೋದಾವರಿಯ ಎರಡರಷ್ಟು ಎನ್ನಿ (ಗೋದಾವರಿ 1465 ಕಿ.ಮೀ.). ಶೇಂದ್ರಾ ಇರುವುದೂ ಗೋದಾವರಿ ಸೀಮೆಯಲ್ಲಿ. ಔರಂಗಾಬಾದ್‌ಗೆ ಕುಡಿಯುವ ನೀರು, ಕಾರ್ಖಾನೆಗಳಿಗೆ ಬೇಕಾದ ನೀರು ಎರಡೂ ಬರುವುದು ಪೈಠಣದ ಹತ್ತಿರ ಗೋದಾವರಿಗೆ ಕಟ್ಟಿದ ಜಾಯಕವಾಡಿ ಅಣೆಕಟ್ಟಿನಿಂದ. ಅಣೆಕಟ್ಟು ಪೂರ್ತಿಯಾದದ್ದು 1976ರಲ್ಲಿ.

ಮಳೆಯನ್ನು ಅಳೆದರೆ ಎರಡೂ ಊರುಗಳ ನಡುವೆ ಅಂಥ ವ್ಯತ್ಯಾಸವಿಲ್ಲ. ಎರಡೂ ಕಡೆ ವರ್ಷಕ್ಕೆ ಸುಮಾರು 700 ಮಿ.ಮೀ. ಆಸುಪಾಸು. ಆದರೆ ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ. ಮೇಲಿಂದ ಆಲ್ಪ್ಸ್ ಪರ್ವತದ ಹಿಮ ಕರಗಿ ಬಂದ ನೀರು ಬೇಸಿಗೆಯಲ್ಲೂ ಹೊಳೆ ತುಂಬಿಸುತ್ತದೆ. ಇಲ್ಲಿ ನಾಲ್ಕು ತಿಂಗಳಲ್ಲಿ ಬಂದಷ್ಟೇ ಬಂತು. ಒಂದು ವರ್ಷ ಮುಂಗಾರು ಕೈ ಕೊಟ್ಟರೆ ಮುಗಿಯಿತು. ಈ ನೀರಿನ ಮಾತನ್ನು ಮುಂದೆ ಇನ್ನೊಮ್ಮೆ ಎತ್ತಿಕೊಳ್ಳೋಣ, ಬಿಯರ್ ವಿಷಯ ಬಂದಾಗ!

ಕೈಲಾಸ ದೇವಾಲಯ ಎದ್ದು ನಿಂತಿದ್ದಾಗ

ಇಂಗೋಲ್‌ಷ್ಟಾಟ್‌ನ ಹೆಸರು ಮೊದಲ ಬಾರಿಗೆ ಕಾಗದದ ಮೇಲೆ ಕಾಣಿಸಿಕೊಂಡದ್ದು ಕ್ರಿ.ಶ. 806ರಲ್ಲಿ. ಷಾರ್ಲ್‌ಮೇನ್ ಚಕ್ರವರ್ತಿ ತನ್ನ ಸಾಮ್ರಾಜ್ಯವನ್ನು ಮಕ್ಕಳಿಗೆ ಹಂಚುವ ಪತ್ರದಲ್ಲಿ ಇದೊಂದು ಅರಮನೆಗೆ ಸೇರಿದ ಜಮೀನು ಎಂದು ಬರುತ್ತದೆ. ಆಗ ನಮ್ಮ ಕಡೆ ಯಾರಿದ್ದರು? ರಾಷ್ಟ್ರಕೂಟರ ಮೂರನೆಯ ಗೋವಿಂದ. ಶೇಂದ್ರಾದಿಂದ ಒಂದು ಗಂಟೆಯ ಚಿಲ್ಲರೆ ಹಾದಿಯಲ್ಲಿರುವ ಎಲ್ಲೋರಾದಲ್ಲಿ, ಇಡೀ ಬೆಟ್ಟವನ್ನೇ ಮೇಲಿಂದ ಕೆಳಕ್ಕೆ ಕೊರೆದು ಮಾಡಿದ ಕೈಲಾಸ ದೇವಾಲಯ ಆ ಹೊತ್ತಿಗಾಗಲೇ ನಿಂತಿತ್ತು. ಅದರ ಕೀರ್ತಿ ಸಲ್ಲುವುದು ಗೋವಿಂದನ ಅಜ್ಜ ಒಂದನೆಯ ಕೃಷ್ಣನಿಗೆ. ಗೋವಿಂದನ ಮಗ ಅಮೋಘವರ್ಷ ನೃಪತುಂಗನ ಆಸ್ಥಾನದ 'ಕವಿರಾಜಮಾರ್ಗ' ಕನ್ನಡ ನಾಡಿನ ಉತ್ತರದ ಗಡಿ ಗೋದಾವರಿ ಎಂದು ಹೇಳುವುದು ನಿಮಗೆ ಗೊತ್ತೇ ಇದೆ. ಮುಂದೆ ದೇವಗಿರಿಯಿಂದ (ಇಂದಿನ ದೌಲತಾಬಾದ್) ಆಳಿದ ಸೇವುಣರ ಶಾಸನಗಳಲ್ಲೂ ಬಹಳಷ್ಟು ಕನ್ನಡದಲ್ಲಿವೆ. ಅಂದ ಹಾಗೆ, ಇದೇ ಜಿಲ್ಲೆಯಲ್ಲಿ 'ಕನ್ನಡ್' ಎಂಬ ಹೆಸರಿನ ತಾಲೂಕೇ ಇದೆ. ಬಸ್ಸಿನ ಬೋರ್ಡು ನೋಡಿದಾಗ ಹೊಸಬರು ಒಂದು ಕ್ಷಣ ಕಣ್ಣುಜ್ಜಿಕೊಳ್ಳುತ್ತಾರೆ!

ಇನ್ನೂ ಹತ್ತಿರದ ನಂಟೂ ಉಂಟು. ಬೀದರ್, ಗುಲ್ಬರ್ಗಾ, ರಾಯಚೂರು, ಔರಂಗಾಬಾದ್ ಇವೆಲ್ಲ ಹೈದರಾಬಾದ್ ನಿಜಾಮರ ಒಂದೇ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ಬೇರೆಯಾದವು. ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದಲ್ಲಿ ಬಾವುಟ ಹಾರುವ ಹೊತ್ತಿಗೇ ಮರಾಠವಾಡದಲ್ಲೂ ಹಾರುತ್ತದೆ. 1948ರ ಅದೇ ವಿಮೋಚನೆಯ ನೆನಪಿಗೆ.

ಇರಲಿ, ಡ್ಯಾನ್ಯೂಬ್ ದಂಡೆಗೆ ಮರಳೋಣ. 1392ರಲ್ಲಿ ಬವೇರಿಯಾದ ಡ್ಯೂಕ್ ಮನೆತನ ಪಾಲಾದಾಗ ಇಂಗೋಲ್‌ಷ್ಟಾಟ್ ಒಂದು ಪುಟ್ಟ ರಾಜ್ಯದ ರಾಜಧಾನಿಯಾಯಿತು. 55 ವರ್ಷ ಮಾತ್ರ ಉಳಿಯಿತು ಆ ರಾಜ್ಯ. ಆದರೆ ಊರಿನ ಚಹರೆಯೆಲ್ಲ ಅಷ್ಟರಲ್ಲೇ ಬಂದದ್ದು. 'ಗಡ್ಡದ ಲುಡ್ವಿಗ್' ಎಂದೇ ಹೆಸರಾದ ಡ್ಯೂಕನ ತಂಗಿ ಫ್ರಾನ್ಸಿನ ರಾಣಿ. ಅಲ್ಲಿನ ವೈಭವ ಕಂಡು ಬಂದಿದ್ದ ಈತ 1418ರಲ್ಲಿ ಹೊಸ ಅರಮನೆಗೆ, 1425ರಲ್ಲಿ ಒಂದು ದೊಡ್ಡ ಚರ್ಚಿಗೆ ಕೈಹಾಕಿದ. ಚರ್ಚಿನ ಎರಡು ಗೋಪುರಗಳನ್ನು ಮೂಲೆಗೆ ತಿರುಗಿಸಿ ನಿಲ್ಲಿಸಿದ್ದಾರೆ. ಅಂದುಕೊಂಡಷ್ಟು ಎತ್ತರಕ್ಕೆ ಅವು ಏರಲೇ ಇಲ್ಲ. ಇಂದಿಗೂ ಮೊಂಡಾಗಿಯೇ ಇವೆ.

ಊರ ಸುತ್ತ ಕೋಟೆ. ಅದರ ಪಶ್ಚಿಮದ ಬಾಗಿಲು 'ಕ್ರಾಯ್ಟ್ಸ್ ಟೋರ್' 1385ರದು. ಕೆಂಪು ಇಟ್ಟಿಗೆ, ಮೇಲೆ ಪುಟ್ಟ ಪುಟ್ಟ ಶಿಖರ. ಔರಂಗಾಬಾದ್‌ನವರಿಗೆ ಇದು ಹೊಸದೇನೂ ಅನಿಸಲಿಕ್ಕಿಲ್ಲ. ಅವರದೂ '52 ದರ್ವಾಜೆಗಳ ಊರು'. 1610ರಲ್ಲಿ ಖಡ್ಕಿ ಎಂಬ ಹೆಸರಿನಲ್ಲಿ ಆ ಊರನ್ನು ಕಟ್ಟಿದವನು ಮಲಿಕ್ ಅಂಬರ್, ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ನಿಜಾಮಶಾಹಿಯಲ್ಲಿ ಪ್ರಧಾನಿಯಾದವನು. ಬೆಟ್ಟದ ಅಂತರ್ಜಲವನ್ನು ನೆಲದಡಿಯ ಕಾಲುವೆಗಳಲ್ಲಿ ಊರಿಗೆ ತಂದ 'ನಹರ್-ಎ-ಅಂಬರಿ' ಅವನದೇ. 1653ರಲ್ಲಿ ಔರಂಗಜೇಬ್ ದಖ್ಖನ್ನಿನ ಸುಬೇದಾರನಾಗಿ ಬಂದು ಊರಿಗೆ ತನ್ನ ಹೆಸರಿಟ್ಟ.

ಫ್ರಾಂಕೆನ್‌ಸ್ಟೈನ್ ಓದಿದ ಕಾಲೇಜು

ಬವೇರಿಯಾದ ಮೊದಲ ವಿಶ್ವವಿದ್ಯಾಲಯ ತೆರೆದದ್ದು ಇಂಗೋಲ್‌ಷ್ಟಾಟ್‌ನಲ್ಲಿ, 1472ರಲ್ಲಿ. ಇಂದು ಮ್ಯೂನಿಕ್‌ನಲ್ಲಿರುವ ಹೆಸರಾಂತ ಲುಡ್ವಿಗ್ ಮ್ಯಾಕ್ಸಿಮಿಲಿಯನ್ ವಿಶ್ವವಿದ್ಯಾಲಯ ಅದೇ. 1800ರಲ್ಲಿ ಲಾಂಡ್ಸ್‌ಹೂಟ್‌ಗೆ, 1826ರಲ್ಲಿ ಮ್ಯೂನಿಕ್‌ಗೆ ಎತ್ತಂಗಡಿಯಾಯಿತು. ಮುನ್ನೂರು ವರ್ಷ ಓದಿನ ಊರಾಗಿದ್ದದ್ದು ಒಂದೇ ಸಲಕ್ಕೆ ಭಣಭಣ.

ಆ ಮುನ್ನೂರು ವರ್ಷಗಳಲ್ಲಿ ಇಲ್ಲಿ ಎಂಥೆಂಥವರಿದ್ದರು! ಮಾರ್ಟಿನ್ ಲೂಥರ್‌ಗೆ ಸವಾಲು ಹಾಕಿ ವಾದಕ್ಕೆ ನಿಂತ ಯೋಹಾನ್ ಎಕ್ ಇಲ್ಲಿನ ಪ್ರಾಧ್ಯಾಪಕ. ಕ್ರಿಸ್ಟೋಫ್ ಷೈನರ್ ಎಂಬ ಪಾದ್ರಿ 1611ರಲ್ಲಿ ಇಲ್ಲಿನ ಚರ್ಚಿನ ಗೋಪುರದಿಂದ ದೂರದರ್ಶಕ ಹಿಡಿದು ಸೂರ್ಯನ ಕಲೆಗಳನ್ನು ನೋಡಿದ. ಅವನ್ನು ಯಾರು ಮೊದಲು ಕಂಡರು ಎಂಬ ವಿಷಯದಲ್ಲಿ ಗೆಲಿಲಿಯೋ ಜೊತೆ ಜಗಳವೂ ಆಯಿತು. 1776ರ ಮೇ 1ರಂದು ಆಡಂ ವೈಸ್‌ಹೌಪ್ಟ್ ಎಂಬ ಕಾನೂನು ಪ್ರಾಧ್ಯಾಪಕ ಐವರನ್ನು ಕೂಡಿಸಿ 'ಇಲ್ಯುಮಿನಾಟಿ' ಎಂಬ ಗುಪ್ತ ಸಂಘ ಕಟ್ಟಿದ. ಹತ್ತು ವರ್ಷ ತುಂಬುವ ಮೊದಲೇ ಸರ್ಕಾರ ಅದನ್ನು ನಿಷೇಧಿಸಿತು. ಜಗತ್ತನ್ನೇ ಆಳುವ ಗುಪ್ತ ಕೂಟ ಎಂದು ಇಂದಿಗೂ ನಿಮ್ಮ ಮೊಬೈಲಿಗೆ ಬರುವ ಸಂದೇಶಗಳಲ್ಲಿ ಇರುವುದು ಇದೇ ಹೆಸರು. ಪಾಪ, ಆ ಪ್ರಾಧ್ಯಾಪಕನಿಗೆ ಒಂದು ಊರನ್ನು ಆಳಲೂ ಆಗಲಿಲ್ಲ, ಊರು ಬಿಟ್ಟೇ ಹೋಗಬೇಕಾಯಿತು.

ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯ ನಾಯಕ ವಿಕ್ಟರ್ ಓದಲು ಬರುವುದೂ, ಆ ಭೀಕರ ಜೀವಿಯನ್ನು ಹುಟ್ಟಿಸುವುದೂ ಇಂಗೋಲ್‌ಷ್ಟಾಟ್‌ನಲ್ಲಿ. (ಫ್ರಾಂಕೆನ್‌ಸ್ಟೈನ್ ಎಂಬುದು ಹುಟ್ಟಿಸಿದವನ ಹೆಸರು, ಹುಟ್ಟಿದ್ದಕ್ಕೆ ಹೆಸರೇ ಇಲ್ಲ.) ಪುಸ್ತಕ ಬಂದಾಗ ವಿಶ್ವವಿದ್ಯಾಲಯ ಊರು ಬಿಟ್ಟು 18 ವರ್ಷವಾಗಿತ್ತು. 1723ರಲ್ಲಿ ಕಟ್ಟಲು ಶುರುಮಾಡಿದ ಅಂಗರಚನಾ ಶಾಸ್ತ್ರದ ಕಟ್ಟಡ ಮಾತ್ರ ಹಾಗೇ ಇದೆ. ಈಗ ಅದು ಜರ್ಮನ್ ವೈದ್ಯಕೀಯ ಇತಿಹಾಸದ ಮ್ಯೂಸಿಯಂ. ಸುತ್ತ ಔಷಧಿ ಗಿಡಗಳ ತೋಟ.

ವಿದ್ಯಾರ್ಥಿಗಳು ಹೋದ ಜಾಗಕ್ಕೆ ಸೈನಿಕರು ಬಂದರು. 1828ರಿಂದ ಬವೇರಿಯಾದ ರಾಜ ಒಂದನೆಯ ಲುಡ್ವಿಗ್ ಇಲ್ಲಿ ದೊಡ್ಡ ಕೋಟೆ ಕಟ್ಟಿಸಿದ. ಊರಿನವರು ತಮ್ಮನ್ನು ಇಂದಿಗೂ 'ಷಾಂಟ್ಸರ್' ಎಂದುಕೊಳ್ಳುತ್ತಾರೆ, ಕೋಟೆಯವರು ಎಂಬ ಅರ್ಥದಲ್ಲಿ. ಫುಟ್‌ಬಾಲ್ ತಂಡಕ್ಕೂ ಅದೇ ಅಡ್ಡಹೆಸರು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಶತ್ರು ಅಧಿಕಾರಿಗಳನ್ನು ಇಲ್ಲಿನ ಒಂಬತ್ತನೇ ನಂಬರಿನ ಕೋಟೆಯಲ್ಲಿ ಕೂಡಿಹಾಕಿದ್ದರು. ತಪ್ಪಿಸಿಕೊಳ್ಳುವ ಪ್ರಯತ್ನ ಮಾಡಿ ಮಾಡಿ ಸಿಕ್ಕಿಬಿದ್ದ ಒಬ್ಬ ಎತ್ತರದ ಫ್ರೆಂಚ್ ಅಧಿಕಾರಿ ಅವರಲ್ಲಿದ್ದ. ಅವನೇ ಮುಂದೆ ಫ್ರಾನ್ಸಿನ ಅಧ್ಯಕ್ಷನಾದ ಷಾರ್ಲ್ ದ ಗಾಲ್!

ಬಿಯರಿನ ಕಾನೂನು, ನೀರಿನ ಆದೇಶ

1516ರ ಏಪ್ರಿಲ್ 23. ಡ್ಯೂಕ್ ನಾಲ್ಕನೆಯ ವಿಲ್ಹೆಲ್ಮ್ ಇಂಗೋಲ್‌ಷ್ಟಾಟ್‌ನಲ್ಲಿ ಒಂದು ಕಾನೂನು ಸಾರಿದ. ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಬಳ್ಳಿಯ ಹೂ, ನೀರು ಈ ಮೂರನ್ನು ಬಿಟ್ಟು ಬೇರೇನನ್ನೂ ಹಾಕಕೂಡದು. ಹುದುಗು ಬರಿಸುವ ಯೀಸ್ಟ್‌ನ ಹೆಸರೇ ಅದರಲ್ಲಿಲ್ಲ. ಕಾನೂನಿನ ಮುಖ್ಯ ಭಾಗ ಬೆಲೆಯದು. ಯಾವ ತಿಂಗಳಲ್ಲಿ ಎಷ್ಟಕ್ಕೆ ಮಾರಬೇಕು ಎಂಬುದು. ಬಾರ್ಲಿ ಮಾತ್ರ ಎಂದು ಕಟ್ಟುಮಾಡಿದರೆ ಗೋಧಿ, ರೈ ಧಾನ್ಯ ರೊಟ್ಟಿಗೆ ಉಳಿಯುತ್ತದೆ ಎಂಬ ಲೆಕ್ಕವೂ ಇತ್ತು ಎನ್ನುತ್ತಾರೆ. ಕುಡಿತಕ್ಕಿಂತ ಊಟ ಮೊದಲು ಎಂಬ ಹಳೆಯ ಜಾಣತನ.

2016ರ ಏಪ್ರಿಲ್‌ನಲ್ಲಿ ಈ ಕಾನೂನಿಗೆ 500 ವರ್ಷ ತುಂಬಿತು. ಇಂಗೋಲ್‌ಷ್ಟಾಟ್‌ನಲ್ಲಿ ದೊಡ್ಡ ಹಬ್ಬ. ಚಾನ್ಸಲರ್ ಏಂಜೆಲಾ ಮರ್ಕೆಲ್ ಬಂದು ಗ್ಲಾಸು ಎತ್ತಿದರು.

ಅದೇ ತಿಂಗಳು ಇತ್ತ ಮರಾಠವಾಡದಲ್ಲಿ ಏನಾಗುತ್ತಿತ್ತು ನೆನಪಿದೆಯೇ? ಎರಡು ವರ್ಷ ಸತತ ಬರ. ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ಸಾಗಿಸುತ್ತಿದ್ದರು. ಔರಂಗಾಬಾದ್ ಸುತ್ತಮುತ್ತ ದೇಶದ ಹೆಸರಾಂತ ಬಿಯರ್ ಕಾರ್ಖಾನೆಗಳು ಸಾಲಾಗಿ ಇವೆ. ಅವುಗಳಿಗೂ ನೀರು ಜಾಯಕವಾಡಿಯದೇ. ಮುಂಬೈ ಹೈಕೋರ್ಟಿನ ಔರಂಗಾಬಾದ್ ಪೀಠ ಏಪ್ರಿಲ್ ಕೊನೆಗೆ ಆದೇಶ ಮಾಡಿತು. ಮದ್ಯದ ಕಾರ್ಖಾನೆಗಳಿಗೆ ಕೊಡುವ ನೀರನ್ನು ಹಂತಹಂತವಾಗಿ ಶೇಕಡಾ 60ರಷ್ಟು ಕಡಿತ ಮಾಡಿ, ಉಳಿದ ಕೈಗಾರಿಕೆಗಳಿಗೂ ಶೇಕಡಾ 25 ಕಡಿತ ಮಾಡಿ ಎಂದು. ರೊಟ್ಟಿಗೆ ಮೊದಲು ಎಂದು 1516ರ ಡ್ಯೂಕ್ ಹೇಳಿದ್ದನ್ನು ಕೊಡಕ್ಕೆ ಮೊದಲು ಎಂದು 2016ರಲ್ಲಿ ನ್ಯಾಯಾಧೀಶರು ಹೇಳಿದ ಹಾಗಾಯಿತು.

ಶೇಂದ್ರಾದ ಬಗ್ಗೆ ಮಾತಾಡುವವರು ರಸ್ತೆ, ವಿದ್ಯುತ್, ಜಮೀನು ಎಲ್ಲದರ ಲೆಕ್ಕ ಹೇಳುತ್ತಾರೆ. ನಮಗೆ ಕಂಡಂತೆ ಮೊದಲು ಕೇಳಬೇಕಾದದ್ದು ಜಾಯಕವಾಡಿಯಲ್ಲಿ ಈ ವರ್ಷ ಎಷ್ಟು ನೀರಿದೆ ಎಂದು. ಇಂಗೋಲ್‌ಷ್ಟಾಟ್‌ಗೆ ಆ ಪ್ರಶ್ನೆಯೇ ಏಳುವುದಿಲ್ಲ.

ಗೋದಾಮಿನಿಂದ ಕಾರ್ಖಾನೆಗೆ

ಈಗ ಕಾರಿನ ಕಥೆ. ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ.

ಆಡಿ ಹುಟ್ಟಿದ್ದು ಇಂಗೋಲ್‌ಷ್ಟಾಟ್‌ನಲ್ಲಿ ಅಲ್ಲವೇ ಅಲ್ಲ! ಅದು ಪೂರ್ವ ಜರ್ಮನಿಯ ಸ್ಯಾಕ್ಸನಿಯ ಕೂಸು. ಝ್ವಿಕಾವ್ ಎಂಬ ಊರಿನಲ್ಲಿ ಹುಟ್ಟಿತು. 1932ರಲ್ಲಿ ಆಡಿ, ಹೋರ್ಚ್, ಡಿಕೆಡಬ್ಲ್ಯು, ವಾಂಡರರ್ ಎಂಬ ನಾಲ್ಕು ಕಂಪನಿಗಳು ಸೇರಿ 'ಆಟೋ ಯೂನಿಯನ್' ಆಯಿತು. ನಾಲ್ಕು ಬಳೆಗಳು ಈ ನಾಲ್ಕರ ಗುರುತು. ಯುದ್ಧದ ಕಾಲದಲ್ಲಿ ಈ ಕಂಪನಿ ಕಾನ್ಸಂಟ್ರೇಶನ್ ಕ್ಯಾಂಪ್‌ಗಳ ಸಾವಿರಾರು ಕೈದಿಗಳನ್ನು ಗುಲಾಮರಂತೆ ದುಡಿಸಿಕೊಂಡಿತ್ತು. ಕಂಪನಿಯೇ ಇತಿಹಾಸಕಾರರಿಂದ ಮಾಡಿಸಿದ ಅಧ್ಯಯನ 2014ರಲ್ಲಿ ಅದನ್ನು ವಿವರವಾಗಿ ಹೊರಗಿಟ್ಟಿತು. ಸುಂದರ ಕಾರಿನ ಕಥೆಯಲ್ಲಿ ಈ ಪುಟವನ್ನು ಹಾರಿಸಿ ಓದುವಂತಿಲ್ಲ.

ಯುದ್ಧ ಮುಗಿದಾಗ ಸ್ಯಾಕ್ಸನಿ ಸೋವಿಯತ್ ಸೇನೆಯ ಕೈಸೇರಿತು. ಕಾರ್ಖಾನೆಗಳು ಜಪ್ತಿಯಾದವು. ಕಂಪನಿಯ ಕೆಲವರು ಪಶ್ಚಿಮಕ್ಕೆ ಓಡಿಬಂದರು. 1945ರ ಡಿಸೆಂಬರ್‌ನಲ್ಲಿ ಇಂಗೋಲ್‌ಷ್ಟಾಟ್‌ನ ಖಾಲಿ ಬಿದ್ದಿದ್ದ ಸೈನ್ಯದ ಕಟ್ಟಡಗಳಲ್ಲಿ ಒಂದು ಬಿಡಿಭಾಗಗಳ ಗೋದಾಮು ತೆರೆದರು. ಅಷ್ಟೇ. ರಸ್ತೆಯ ಮೇಲಿದ್ದ ಹಳೆಯ ಡಿಕೆಡಬ್ಲ್ಯು ಕಾರುಗಳಿಗೆ ಸ್ಪೇರ್ ಪಾರ್ಟ್ಸ್ ಬೇಕಿತ್ತು, ಇವರು ಒದಗಿಸಿದರು. 1949ರ ಸೆಪ್ಟೆಂಬರ್ 3ರಂದು ಬವೇರಿಯಾ ಸರ್ಕಾರದ ಸಾಲ, ಅಮೆರಿಕದ ಮಾರ್ಷಲ್ ಯೋಜನೆಯ ನೆರವು ಪಡೆದು ಹೊಸ ಆಟೋ ಯೂನಿಯನ್ ಸ್ಥಾಪನೆಯಾಯಿತು. ಮೊದಲು ಮಾಡಿದ್ದು ಒಂದು ಸಣ್ಣ ಸರಕಿನ ವ್ಯಾನು, ಒಂದು 125 ಸಿಸಿ ಮೋಟಾರ್ ಸೈಕಲ್ಲು.

1958ರಲ್ಲಿ ಡೈಮ್ಲರ್ ಬೆಂಜ್ ಇದನ್ನು ಕೊಂಡಿತು. 1960ರ ದಶಕದ ನಡುವೆ ಫೋಕ್ಸ್‌ವ್ಯಾಗನ್‌ಗೆ ಮಾರಿತು. ಫೋಕ್ಸ್‌ವ್ಯಾಗನ್‌ನ ಮುಖ್ಯಸ್ಥ ಹೈನ್ರಿಖ್ ನೋರ್ಡ್‌ಹೋಫ್‌ಗೆ ಬೇಕಿದ್ದದ್ದು ಜಾಗ ಮತ್ತು ಕೈಗಳು ಮಾತ್ರ. 'ಬೀಟಲ್' ಕಾರನ್ನು ಇಲ್ಲಿ ಜೋಡಿಸಿ ಎಂದ. 1965ರಿಂದ 1969ರ ವರೆಗೆ ಇಂಗೋಲ್‌ಷ್ಟಾಟ್‌ನಲ್ಲಿ ಸುಮಾರು 3 ಲಕ್ಷ 48 ಸಾವಿರ ಬೀಟಲ್‌ಗಳು ಜೋಡಣೆಯಾದವು. ಹೊಸ ಕಾರಿನ ವಿನ್ಯಾಸಕ್ಕೆ ಕೈ ಹಾಕಕೂಡದು ಎಂಬ ಅಪ್ಪಣೆಯೂ ಬಂತು. ಬೇರೆಯವರ ಕಾರು, ಬೇರೆಯವರ ನಕ್ಷೆ, ನಿಮ್ಮದು ನಟ್ಟು ಬಿಗಿಯುವ ಕೆಲಸ. ಆಗಿನ ಇಂಗೋಲ್‌ಷ್ಟಾಟ್ ಒಂದು ಶೇಂದ್ರಾ ಆಗಿತ್ತು ಎಂದರೆ ಏನೂ ಅತಿಶಯವಲ್ಲ.

ಲುಡ್ವಿಗ್ ಕ್ರಾವ್ಸ್ ಎಂಬ ಎಂಜಿನಿಯರ್ ಈ ಅಪ್ಪಣೆಯನ್ನು ಮುರಿದ. ಇರುವ ಕಾರನ್ನೇ ಸುಧಾರಿಸುತ್ತಿದ್ದೇನೆ ಎಂಬ ನೆಪದಲ್ಲಿ ಗುಟ್ಟಾಗಿ ಹೊಸ ಕಾರೊಂದನ್ನು ರೂಪಿಸಿದ. ಕೊನೆಗೆ ಅದು ಮೇಲಿನವರಿಗೆ ಗೊತ್ತಾಯಿತು. ಕಾರನ್ನು ನೋಡಿದ ಮೇಲೆ ಅವರಿಗೂ ಬೇಡವೆನ್ನಲು ಆಗಲಿಲ್ಲ. ಅದೇ 1968ರಲ್ಲಿ ಬಂದ 'ಆಡಿ 100'. ಅಂದುಕೊಂಡದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು ಮಾರಾಟವಾಯಿತು. 1985ರಲ್ಲಿ ಕಂಪನಿ 'ಆಡಿ' ಎಂಬ ಹೆಸರನ್ನೇ ತಾಳಿ ಮುಖ್ಯ ಕಚೇರಿಯನ್ನು ಇಂಗೋಲ್‌ಷ್ಟಾಟ್‌ಗೆ ತಂದಿತು.

ಇದನ್ನಿಟ್ಟುಕೊಂಡು ಶೇಂದ್ರಾ ನೋಡಿ. ಇಲ್ಲಿ 2001ರಲ್ಲಿ ಮೊದಲು ಬಂದದ್ದು ಜೆಕ್ ದೇಶದ ಸ್ಕೋಡಾ. ಅದೂ ಫೋಕ್ಸ್‌ವ್ಯಾಗನ್ ಕುಟುಂಬದ್ದೇ. 2007ರಲ್ಲಿ ಅದೇ ಆವರಣದಲ್ಲಿ ಆಡಿ ಎ6, ಮುಂದಿನ ವರ್ಷ ಎ4, ಆಮೇಲೆ ಕ್ಯೂ ಸಾಲಿನ ದೊಡ್ಡ ಗಾಡಿಗಳು. ಇಲ್ಲಿ ನಡೆಯುವುದು ಮುಖ್ಯವಾಗಿ ಜೋಡಣೆ. ಭಾಗಗಳು ಯುರೋಪಿನಿಂದ ಹಡಗಿನಲ್ಲಿ ಬರುತ್ತವೆ. ಎಲ್ಲವೂ ಇಂಗೋಲ್‌ಷ್ಟಾಟ್‌ನಿಂದಲೇ ಎಂದಲ್ಲ. ಎ6ರ ತವರು ಅದೇ ದೇಶದ ನೆಕರ್ಸುಲ್ಮ್, ಕ್ಯೂ7 ಬರುವುದು ಸ್ಲೊವಾಕಿಯಾದಿಂದ. ಆದರೆ ಎಲ್ಲಕ್ಕೂ ಯಜಮಾನಿಕೆ ಇಂಗೋಲ್‌ಷ್ಟಾಟ್‌ನದು.

ಹೀಗೇಕೆ ಜೋಡಿಸಬೇಕು? ತಯಾರಾದ ಕಾರನ್ನೇ ತರಿಸಿದರೆ ಸುಂಕ ವಿಪರೀತ. ಬಿಡಿಬಿಡಿಯಾಗಿ ಕಿಟ್ ರೂಪದಲ್ಲಿ ತಂದು ಇಲ್ಲಿ ಜೋಡಿಸಿದರೆ ಕಡಿಮೆ. ಅಂದರೆ ಶೇಂದ್ರಾದ ಈ ಕೆಲಸ ನಿಂತಿರುವುದು ಬಹುಪಾಲು ಆ ಸುಂಕದ ಅಂತರದ ಮೇಲೆ. 2024ರ ಸೆಪ್ಟೆಂಬರ್‌ನಲ್ಲಿ ಈ ನೆಲವೇ ಅಲುಗಿತು. ಕಿಟ್‌ಗೆ ಶೇಕಡಾ 30ರಿಂದ 35 ಸುಂಕವಿದೆ, ಬಿಡಿಭಾಗಕ್ಕೆ 5ರಿಂದ 15. ಕಂಪನಿ ಕಿಟ್‌ಗಳನ್ನೇ ಬೇರೆ ಬೇರೆ ಸಾಗಣೆಗಳಾಗಿ ಒಡೆದು ಬಿಡಿಭಾಗಗಳೆಂದು ತೋರಿಸಿದೆ ಎಂದು ಆರೋಪಿಸಿದ ಕಸ್ಟಮ್ಸ್ ಇಲಾಖೆ ಸುಮಾರು 140 ಕೋಟಿ ಡಾಲರ್ ತೆರಿಗೆ ಕೇಳಿ ನೋಟಿಸು ಕೊಟ್ಟಿತು. ತಾನು ತಪ್ಪು ಮಾಡಿಲ್ಲ ಎಂದು ಕಂಪನಿ ಮುಂಬೈ ಹೈಕೋರ್ಟಿನ ಮೆಟ್ಟಿಲು ಹತ್ತಿತು. ಸ್ಕೋಡಾ ಸೂಪರ್ಬ್, ಕೊಡಿಯಾಕ್, ಆಡಿ ಎ4, ಕ್ಯೂ5, ಫೋಕ್ಸ್‌ವ್ಯಾಗನ್ ಟಿಗ್ವಾನ್ ಎಲ್ಲ ಈ ವ್ಯಾಜ್ಯದಲ್ಲಿವೆ. ಒಂದು ರಾಶಿ ನಟ್ಟು ಬೋಲ್ಟುಗಳನ್ನು ಕಾರು ಎನ್ನಬೇಕೇ, ಬಿಡಿಭಾಗ ಎನ್ನಬೇಕೇ? ತರ್ಕಶಾಸ್ತ್ರದ ಈ ಹಳೆಯ ಪ್ರಶ್ನೆಗೆ ಇಷ್ಟು ಬೆಲೆ ಬಂದದ್ದು ಇದೇ ಮೊದಲಿರಬೇಕು!

ವಿನ್ಯಾಸದ ಕೆಲಸ? ಅದಕ್ಕಾಗಿ ಗುಂಪು 2019ರಲ್ಲಿ ಭಾರತದಲ್ಲೇ ತಾಂತ್ರಿಕ ಕೇಂದ್ರ ತೆರೆಯಿತು. ಶೇಂದ್ರಾದಲ್ಲಲ್ಲ, ಪುಣೆಯಲ್ಲಿ. ಭಾರತಕ್ಕೆಂದೇ ರೂಪಿಸಿದ ಕುಶಾಕ್‌ನಂಥ ಕಾರುಗಳು ತಯಾರಾಗುವುದೂ ಪುಣೆ ಪಕ್ಕದ ಚಾಕಣದಲ್ಲಿ. ಕ್ರಾವ್ಸ್‌ನಂಥವನಿಗೆ ಗುಟ್ಟಾಗಿ ಮಾಡಲಾದರೂ ಒಂದು ನಕ್ಷೆಯ ಮೇಜು ಬೇಕಲ್ಲ? ಅದು ಶೇಂದ್ರಾಕ್ಕೆ ಬಂದಿಲ್ಲ ಎಂಬುದೇ ನಮ್ಮ ಕೊರಗು.

ಔರಂಗಾಬಾದ್‌ನವರಿಗೆ ಕಾರಿನ ಹುಚ್ಚೇನೂ ಕಡಿಮೆಯಿಲ್ಲ. 2010ರ ಅಕ್ಟೋಬರ್‌ನಲ್ಲಿ ಊರಿನ ವ್ಯಾಪಾರಿಗಳು, ಡಾಕ್ಟರುಗಳು ಒಟ್ಟಾಗಿ ಒಂದೇ ಏಟಿಗೆ 150 ಕಾರು ಕೊಂಡು ದೇಶದ ಸುದ್ದಿಯಾದರು. ಸುಮಾರು 65 ಕೋಟಿ ರೂಪಾಯಿ. ಆದರೆ ಕೊಂಡದ್ದು ಮನೆ ಪಕ್ಕದ ಆಡಿಯನ್ನಲ್ಲ, ಮರ್ಸಿಡಿಸ್ ಬೆಂಜ್!

ಒಂದೇ ಮರದ ನೆರಳು

ಹಾಗಾದರೆ ಇಂಗೋಲ್‌ಷ್ಟಾಟ್ ಸುಖವಾಗಿದೆಯೇ? ಊರಿನ ಜನ 1 ಲಕ್ಷ 40 ಸಾವಿರ, ಅಲ್ಲಿನ ಆಡಿಯಲ್ಲಿ ಕೆಲಸ ಮಾಡುವವರು ಸುಮಾರು 40 ಸಾವಿರ. ಸುತ್ತಲ ಹಳ್ಳಿಗಳಿಂದ ಬರುವವರೂ ಅದರಲ್ಲಿದ್ದಾರೆನ್ನಿ. ಆದರೂ ಲೆಕ್ಕ ನೋಡಿ. ಜರ್ಮನಿಯಲ್ಲಿ ಕಂಪನಿಯ ಲಾಭದ ಮೇಲಿನ ಒಂದು ತೆರಿಗೆ ಊರಿನ ಪುರಸಭೆಗೇ ಹೋಗುತ್ತದೆ. ಕಂಪನಿ ನಕ್ಕರೆ ಶಾಲೆ, ಈಜುಕೊಳ, ನಾಟಕ ಮಂದಿರ ಎಲ್ಲ ನಗುತ್ತವೆ. ಕಂಪನಿ ಕೆಮ್ಮಿದರೆ ಊರಿಗೆ ಜ್ವರ. 2015ರ ಡೀಸೆಲ್ ಹಗರಣದಲ್ಲಿ ಹೊಗೆಯ ಲೆಕ್ಕವನ್ನು ಸಾಫ್ಟ್‌ವೇರಿನಿಂದ ಮರೆಮಾಚಿದ್ದು ಬಯಲಾಯಿತು. ಆಡಿಯ ಮುಖ್ಯಸ್ಥ ರೂಪರ್ಟ್ ಷ್ಟಾಡ್ಲರ್ 2018ರಲ್ಲಿ ಬಂಧನಕ್ಕೊಳಗಾಗಿ, 2023ರಲ್ಲಿ ತಪ್ಪೊಪ್ಪಿಕೊಂಡು ಅಮಾನತಿನಲ್ಲಿಟ್ಟ ಶಿಕ್ಷೆ ಪಡೆದರು. 2025ರ ಮಾರ್ಚ್‌ನಲ್ಲಿ ಇನ್ನೊಂದು ಸುದ್ದಿ ಬಂತು. 2029ರೊಳಗೆ ಜರ್ಮನಿಯಲ್ಲಿ 7500ರ ವರೆಗೆ ಹುದ್ದೆ ಕಡಿತ. ಚೀನಾದ ಪೈಪೋಟಿ, ವಿದ್ಯುತ್ ಕಾರಿನ ಖರ್ಚು, ಕಾರಣಗಳು ಹಲವು.

ಶೇಂದ್ರಾದ ಅದೃಷ್ಟಕ್ಕೆ ಅದು ಒಂದೇ ಕಂಪನಿಯ ಕೈಯಲ್ಲಿಲ್ಲ. ಶೇಂದ್ರಾ ಮತ್ತು ಬಿಡ್ಕಿನ್ ಸೇರಿಸಿ 'ಔರಿಕ್' ಎಂಬ ಸುಮಾರು 10 ಸಾವಿರ ಎಕರೆಯ ಕೈಗಾರಿಕಾ ನಗರ ಎದ್ದಿದೆ. ಕನ್ನಡಿಗರಾದ ನಮಗೆ ಇಲ್ಲೊಂದು ಚುಚ್ಚುವ ಸುದ್ದಿಯೂ ಇದೆ. 2024ರ ಜೂನ್‌ನಲ್ಲಿ ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್, ಜುಲೈ ಕೊನೆಗೆ ಬಿಡದಿಯ ಟೊಯೊಟಾ ಕಿರ್ಲೋಸ್ಕರ್, ಎರಡೂ ತಮ್ಮ ಹೊಸ ಕಾರ್ಖಾನೆಗಳಿಗೆ ಇದೇ ಔರಿಕ್ ಅನ್ನು ಆರಿಸಿಕೊಂಡವು. ಟೊಯೊಟಾದ್ದು ಸುಮಾರು 20 ಸಾವಿರ ಕೋಟಿ ರೂಪಾಯಿಯ ಮಾತು. ಬೆಂಗಳೂರಿನಲ್ಲಿ ಬವೇರಿಯಾ ಸರ್ಕಾರದ ಕಚೇರಿಯೇ ಇದೆ, ಬಾಷ್ ಇದೆ, ಎಂಜಿನಿಯರುಗಳಂತೂ ಬೀದಿ ಬೀದಿಗೂ ಇದ್ದಾರೆ. ನಕ್ಷೆ ಬರೆಯುವ ಮೇಜು ನಮ್ಮಲ್ಲಿ, ಕಾರ್ಖಾನೆ ಅವರಲ್ಲಿ ಎಂದಾದರೆ ಎರಡೂ ಕಡೆಯವರಿಗೆ ಅರ್ಧರ್ಧ ಊಟ. ನಿಮ್ಮ ಅಭಿಪ್ರಾಯವೇನು? ಬರೆದು ತಿಳಿಸಿ, ಮುಂದಿನ ಕಾರ್ಯಕ್ರಮದಲ್ಲಿ ಓದುತ್ತೇವೆ.

ಊರಿನ ಮಗಳು

ಸಂಸ್ಕೃತಿಯ ಬಗ್ಗೆ ಹೇಳುವಾಗ ಮರೀಲೂಯಿಸ್ ಫ್ಲೈಸರ್ ಹೆಸರು ಬಿಡುವಂತಿಲ್ಲ. 1901ರಲ್ಲಿ ಇಂಗೋಲ್‌ಷ್ಟಾಟ್‌ನಲ್ಲಿ ಹುಟ್ಟಿದ ನಾಟಕಕಾರ್ತಿ. ತನ್ನೂರಿನ ಸಣ್ಣತನ, ಸೈನಿಕರು, ಅವರ ಕೈಗೆ ಸಿಕ್ಕ ಕೆಲಸದ ಹುಡುಗಿಯರು ಎಲ್ಲರನ್ನೂ ನಾಟಕದಲ್ಲಿ ತಂದಳು. ಬ್ರೆಕ್ಟ್ ಮುಂದೆ ನಿಂತು 1929ರಲ್ಲಿ ಬರ್ಲಿನ್‌ನಲ್ಲಿ ಒಂದು ನಾಟಕ ಆಡಿಸಿದಾಗ ದೊಡ್ಡ ಗದ್ದಲವಾಯಿತು. ಊರಿನ ಮೇಯರ್ ಬಹಿರಂಗವಾಗಿ ಖಂಡಿಸಿದ. ನಾಜಿಗಳು ಆಕೆಯ ಬರವಣಿಗೆಯನ್ನು ಅದುಮಿದರು. ಆಕೆ ಅದೇ ಊರಿನಲ್ಲೇ ಬದುಕಿ, 1974ರಲ್ಲಿ ತೀರಿಕೊಂಡರು. 1981ರಿಂದ ಅದೇ ನಗರಸಭೆ ಆಕೆಯ ಹೆಸರಿನಲ್ಲಿ ಸಾಹಿತ್ಯ ಪ್ರಶಸ್ತಿ ಕೊಡುತ್ತಿದೆ. ನಮ್ಮ ಕಡೆಯೂ ಇಂಥದ್ದು ನೋಡಿದ್ದೇವೆ ಅಲ್ಲವೇ?

ಭಾಷೆಯ ವಿಷಯಕ್ಕೆ ಬಂದರೆ, ಅಲ್ಲಿನವರ ಬವೇರಿಯನ್ ಜರ್ಮನ್‌ಗೂ ಪುಸ್ತಕದ ಜರ್ಮನ್‌ಗೂ ಇರುವ ದೂರ ಬೀದರ್ ಕನ್ನಡಕ್ಕೂ ಮೈಸೂರು ಕನ್ನಡಕ್ಕೂ ಇರುವಷ್ಟಾದರೂ ಇದೆ. ಎದುರು ಸಿಕ್ಕವರಿಗೆ 'ಗ್ರ್ಯೂಸ್ ಗಾಟ್' ಎನ್ನಬೇಕು. ದೇವರ ಹೆಸರಿನ ನಮಸ್ಕಾರ ಅದು, ನಮ್ಮ 'ಶರಣು'ವಿನ ಹಾಗೆ.

ಹೋಗುವವರಿಗೆ

ಮ್ಯೂನಿಕ್‌ನಿಂದ ವೇಗದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗೆ ಇಂಗೋಲ್‌ಷ್ಟಾಟ್. ಅಲ್ಲಿಂದ ನ್ಯೂರೆಂಬರ್ಗ್‌ಗೆ 2006ರಲ್ಲಿ ತೆರೆದ ಹೊಸ ಮಾರ್ಗದಲ್ಲಿ ರೈಲು ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುತ್ತದೆ. ಕಾರಿನ ಪ್ರಿಯರಿಗೆ ಆಡಿಯ ಮ್ಯೂಸಿಯಂ ಇದೆ. ನಮಗಿಷ್ಟವಾದದ್ದು ನಗರದ ಮ್ಯೂಸಿಯಂನಲ್ಲಿರುವ ಒಂದು ಕುದುರೆ. 1632ರಲ್ಲಿ ಸ್ವೀಡನ್ನಿನ ರಾಜ ಗುಸ್ತಾವ್ ಅಡಾಲ್ಫ್ ಈ ಕೋಟೆಗೆ ಮುತ್ತಿಗೆ ಹಾಕಿ ಸೋತು ಹೋದ. ಅವನು ಕೂತಿದ್ದ ಕುದುರೆ ಗುಂಡೇಟಿಗೆ ಸತ್ತಿತು. ಊರಿನವರು ಅದರ ತೊಗಲಿಗೆ ಹುಲ್ಲು ತುಂಬಿ ಇಟ್ಟುಕೊಂಡರು. ಸುಮಾರು ನಾಲ್ಕು ನೂರು ವರ್ಷದಿಂದ ನಿಂತೇ ಇದೆ!

ಜರ್ಮನಿ ದೂರವಾಯಿತೆಂದರೆ ಔರಂಗಾಬಾದ್‌ಗೆ ಹೋಗಿ. ಪನ್‌ಚಕ್ಕಿ ನೋಡಿ, ಹಿಮ್ರೂ ನೇಯ್ಗೆಯ ಶಾಲು ಕೊಳ್ಳಿ, ಜಾಲ್ನಾ ರಸ್ತೆಯಲ್ಲಿ ಶೇಂದ್ರಾದ ತನಕ ಒಂದು ಓಟ ಹೋಗಿ ಬನ್ನಿ. ರಾಷ್ಟ್ರಕೂಟರ ಕೈಲಾಸಕ್ಕೆ ಮಾತ್ರ ಮಂಗಳವಾರ ಹೋಗಬೇಡಿ, ಎಲ್ಲೋರಾಕ್ಕೆ ಅಂದು ರಜೆ. ಅಜಂತಾಕ್ಕೆ ಸೋಮವಾರ.